ಕಾಡ್ ಉಳಿಸಿ, ಕೋಳಿ ತಿನ್ನಿ

ದಾವಣಗೆರೆಯಲ್ಲಿ ಸಮುದ್ರ ಒಂದು ಬಿಟ್ಟು ಎಲ್ಲಾ ಇದೆ. ಬೆಣ್ಣೆ ದೋಸೆ ಇದೆ, ಮಂಡಕ್ಕಿ-ಮೆಣಸಿನಕಾಯಿ ಇದೆ, ಊರಿನ ಹೆಸರಲ್ಲೇ ಒಂದು ಕೆರೆ ಇದೆ. ಸಮುದ್ರದ ಕೊರತೆಯನ್ನು ಜೂನ್ 8ರಂದು ನನ್ನ ಮಗಳ ಶಾಲೆಯವರು ನೀಗಿಸಿದರು. ಅವತ್ತು ವಿಶ್ವ ಸಾಗರ ದಿನ.

ಬೆಂಗಳೂರಿನಿಂದ ಮೇಡಂ ಒಬ್ಬರು ಬಂದಿದ್ದರು. ಒಬ್ಬೊಬ್ಬ ಮಗುವಿಗೂ ಲ್ಯಾಮಿನೇಷನ್ ಮಾಡಿಸಿದ ಒಂದೊಂದು ಕಾರ್ಡ್ ಹಂಚಿದರು. ಬೇಕಾಬಿಟ್ಟಿ ಹಿಡಿದರೆ ಕಡಲಲ್ಲಿ ಮೀನೇ ಉಳಿಯುವುದಿಲ್ಲ ಅಂತ ಅದರಲ್ಲಿ ಮೀನುಗಳನ್ನು ಮೂರು ಬಣ್ಣಕ್ಕೆ ಹಂಚಿ ಹಾಕಿದ್ದರು. ಕೆಂಪಿನಲ್ಲಿರುವ ಮೀನು ತಿನ್ನಬಾರದು, ಹಳದಿಯದನ್ನು ಯೋಚಿಸಿ ತಿನ್ನಬೇಕು, ಹಸಿರಿನದನ್ನು ಧಾರಾಳವಾಗಿ ತಿನ್ನಬಹುದು. ಕಾರ್ಡ್ ಹಿಡಿದು ಕೂತವರಲ್ಲಿ ಅರ್ಧ ಮಕ್ಕಳು ಮಧ್ಯಾಹ್ನ ಮೊಟ್ಟೆ ಬೇಡ ಅಂತ ಬಾಳೆಹಣ್ಣು ತಗೊಳ್ಳುವವರು. ಆದರೂ ಎಲ್ಲರೂ ಕೈ ಮುಂದೆ ಚಾಚಿ, "ನಾನು ಇನ್ನು ಮುಂದೆ ಬ್ಲೂಫಿನ್ ಟ್ಯೂನಾ ತಿನ್ನುವುದಿಲ್ಲ" ಎಂದು ಪ್ರತಿಜ್ಞೆ ಮಾಡಿದರು. ಅದು ದೂರದ ಕಡಲಿನ ದುಬಾರಿ ಮೀನು. ಪಾಲಿಸಲು ಇಷ್ಟು ಸುಲಭವಾದ ಪ್ರತಿಜ್ಞೆಯನ್ನು ನಾನಂತೂ ಕಂಡಿಲ್ಲ. ಆ ಹುಮ್ಮಸ್ಸಿನಲ್ಲಿ ನಾನೂ ಇನ್ನು ಮುಂದೆ ಹೆಲಿಕಾಪ್ಟರ್ ಕೊಳ್ಳಬಾರದು ಅಂತ ತೀರ್ಮಾನಿಸಿದೆ.

ಹಾಗಂತ ಮೇಡಂ ಹೇಳಿದ್ದು ಸುಳ್ಳಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಕಾಡ್ ಎಂಬ ಮೀನನ್ನು ಬಾಚಿ ಬಾಚಿ, ಕೊನೆಗೆ 1992ರಲ್ಲಿ ಅದನ್ನು ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಜನರ ಕೆಲಸ ಹೋಯಿತು. ಮೇಡಂ ಇದನ್ನು ಚೆನ್ನಾಗಿಯೇ ವಿವರಿಸಿ, "ಕಾಡ್ ಉಳಿಸಿ" ಅಂತ ಚಿತ್ರ ಬರೆಯಲು ಹೇಳಿದರು. ಒಬ್ಬ ಹುಡುಗ ಮೂರು ಬೇವಿನ ಮರ, ಒಂದು ಆನೆ ಬರೆದ. ಅವನಿಗೇ ಮೊದಲ ಬಹುಮಾನ.

ನಡುವೆ ಚನ್ನಗಿರಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಜ್ಜ ಸೂಳೆಕೆರೆಯಲ್ಲಿ ಬಲೆ ಹಾಕುವವರು.

"ಮಿಸ್, ಜಿಲೇಬಿ ಕೆಂಪಾ, ಹಸಿರಾ?"

"ಸ್ವೀಟ್ ವಿಷಯ ಆಮೇಲೆ ಮಾತಾಡೋಣ ಪುಟ್ಟಾ."

ನಮ್ಮ ಕಡೆ ಕೆರೆಯಲ್ಲಿ ಸಿಗುವ ತಿಲಾಪಿಯಾಕ್ಕೆ ಜಿಲೇಬಿ ಅನ್ನುತ್ತಾರೆ. ಕಾಟ್ಲಾ, ರೋಹು, ಜಿಲೇಬಿ, ಈ ಊರಿನ ಮಕ್ಕಳು ತಿಂದರೆ ತಿನ್ನುವುದು ಇವನ್ನೇ. ಕಾರ್ಡಿನಲ್ಲಿ ಒಂದೂ ಇರಲಿಲ್ಲ. ಹುಡುಗಿ ಬಿಡಲಿಲ್ಲ. "ನಮ್ಮಜ್ಜ ಸಣ್ಣ ಕಣ್ಣಿನ ಬಲೆ ಹಾಕಲ್ಲ ಮಿಸ್. ಮರಿ ಸಿಕ್ರೆ ವಾಪಸ್ ನೀರಿಗೆ ಬಿಡ್ತಾರೆ" ಅಂದಳು. ಇಡೀ ಕಾರ್ಯಕ್ರಮದಲ್ಲಿ ಯಾರಾದರೂ ಪಾಠ ಅಂತ ಮಾಡಿದ್ದರೆ ಅದು ಅವಳೇ. ಮೇಡಂ ಗಡಿಯಾರ ನೋಡಿ, "ಪ್ರಶ್ನೆಗಳು ಕೊನೆಯಲ್ಲಿ" ಅಂದರು. ಕೊನೆಯಲ್ಲಿ ವಂದನಾರ್ಪಣೆ ಇತ್ತು.

ಇನ್ನೊಂದು ತಮಾಷೆ ಕೇಳಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಅಂದರೆ ಇಲ್ಲಿ ಮಕ್ಕಳು ಪ್ರತಿಜ್ಞೆ ಮಾಡುವ ಹೊತ್ತಿಗೆ ಮಲ್ಪೆಯ ಟ್ರಾಲ್ ಬೋಟುಗಳೆಲ್ಲ ದಡದಲ್ಲಿ ಕಟ್ಟಿಹಾಕಿಕೊಂಡು ನಿಂತಿದ್ದವು. ನಮ್ಮ ಮೀನಿನ ನಿಯಮದ ಬಗ್ಗೆ ಇರುವ ಈ ಒಂದು ಮಾತು ಆ ಕಾರ್ಡಿನಲ್ಲಿ ಹುಡುಕಿದರೂ ಸಿಗಲಿಲ್ಲ.

ಮಧ್ಯಾಹ್ನ ಅತಿಥಿಗಳಿಗೆ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಊಟ. ಮೀನಿನ ದಿನ ಅಂತ ಮೀನು ತರಿಸಿರಲಿಲ್ಲ, ಪಾಪ. ಚಿಕನ್ ಕಬಾಬ್ ಇತ್ತು. ಸಾಗರ ಉಳಿಸಿದ ಸಮಾಧಾನದಲ್ಲಿ ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು.

ಈ ಕಥೆಯನ್ನು ಜಗಳೂರಿನ ನಮ್ಮ ಭಾವನಿಗೆ ಹೇಳಿದೆ. ಅವರು ಮೆಕ್ಕೆಜೋಳ ಬೆಳೆಯುವವರು. ಫಸಲು ಹೋಗುವುದು ಕೋಳಿ ಆಹಾರಕ್ಕೆ.

"ಬರೀ ಜೋಳ ಹಾಕಿದ್ರೆ ಕೋಳಿ ದಪ್ಪ ಆಗುತ್ತೇನೋ? ಸೋಯಾ ಹಿಂಡಿ ಹಾಕ್ತಾರೆ, ಕೆಲವರು ಮೀನಿನ ಪುಡೀನೂ ಹಾಕ್ತಾರೆ" ಅಂದರು.

ಮೀನಿನ ಪುಡಿ ಅಂದರೆ ಬೇರೇನೂ ಅಲ್ಲ. ಕರಾವಳಿಯ ಕಾರ್ಖಾನೆಗಳಲ್ಲಿ ಬೂತಾಯಿ, ಜೊತೆಗೆ ಬಲೆಗೆ ಸಿಕ್ಕಿ ಮಾರುಕಟ್ಟೆಗೆ ಬೇಡವಾದ ಚಿಳ್ಳೆ ಪಿಳ್ಳೆ ಮೀನುಗಳನ್ನು ಬೇಯಿಸಿ, ಎಣ್ಣೆ ಹಿಂಡಿ, ಒಣಗಿಸಿ ಅರೆದದ್ದು. ಬೆಳೆದು ದೊಡ್ಡದಾಗಿ ಇನ್ನೊಂದಿಷ್ಟು ಮರಿ ಹಾಕಬೇಕಿದ್ದ ಮೀನೂ ಅದರಲ್ಲೇ ಹೋಗುತ್ತದೆ. ಸಮುದ್ರ ದಾವಣಗೆರೆಗೆ ಬಂದೇ ಇಲ್ಲ ಅಂದುಕೊಂಡಿದ್ದೆ. ಮೂಟೆ ಕಟ್ಟಿಸಿಕೊಂಡು ಲಾರಿ ಹತ್ತಿ ಬರಬಹುದು ಅಂತ ಹೊಳೆದಿರಲಿಲ್ಲ.

ಪಕ್ಕದಲ್ಲೇ ಕೂತಿದ್ದ ಮಗಳು ಬ್ಯಾಗಿನಿಂದ ಕಾರ್ಡ್ ತೆಗೆದಳು. ಕೆಂಪು ನೋಡಿದಳು, ಹಳದಿ ನೋಡಿದಳು, ಹಸಿರು ನೋಡಿದಳು, ಹಿಂದೆ ತಿರುಗಿಸಿಯೂ ನೋಡಿದಳು.

"ಅಪ್ಪಾ, ಕೋಳಿ ಎಲ್ಲಿದೆ?"