ಆ ಒಂದು ಸ್ವರ ಕೇಳಿಸಲಿ, ಕೀಬೋರ್ಡ್ ನಿಲ್ಲಿಸಿ

ಈಗಷ್ಟೇ ಒಂದು ಕ್ವಯರಿನ, ಅಂದರೆ ಗಾಯನವೃಂದದ, ವಿಡಿಯೊ ನೋಡಿದೆ. ಅಮೆರಿಕದ ಸಂಗೀತ ರಚನಕಾರ ಮಾರ್ಟನ್ ಲಾರಿಡ್ಸನ್ ಅವರ ‘ಓ ಮಾನ್ಯುಂ ಮಿಸ್ತೇರಿಯುಂ’ (ಓ ಮಹಾರಹಸ್ಯವೇ). ದನಿಗಳು ಚೆನ್ನಾಗಿದ್ದವು. ಆದರೆ ಅಡಿಯಲ್ಲಿ ಮೊದಲಿಂದ ಕೊನೆವರೆಗೂ ಕೀಬೋರ್ಡಿನ ಸ್ಟ್ರಿಂಗ್ಸ್, ಪಿಟೀಲು ಗುಂಪಿನಂಥ ಸದ್ದು! ಯಾಕ್ರೀ? ವಾದ್ಯವಿಲ್ಲದೆ ಹಾಡಲೆಂದೇ ಬರೆದ ಕೃತಿ ಅದು.

ಪಠ್ಯ ಲ್ಯಾಟಿನ್ ಭಾಷೆಯ ಕ್ರಿಸ್ಮಸ್ ಪ್ರಾರ್ಥನೆಯದು. ಗೋದಲಿಯಲ್ಲಿ ಮಲಗಿದ ಪ್ರಭುವನ್ನು ಮೂಕಪ್ರಾಣಿಗಳು ಕಂಡವಲ್ಲ, ಎಂಥ ಮಹಾರಹಸ್ಯ ಅನ್ನುವ ಬೆರಗು. 1994ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ಮಾಸ್ಟರ್ ಕೊರಾಲ್ ಅನ್ನುವ ಕ್ವಯರ್ ಮೊದಲು ಹಾಡಿದ್ದು, ಪಾಲ್ ಸಲಮುನೊವಿಚ್ ನಿರ್ದೇಶನದಲ್ಲಿ. ಲಾರಿಡ್ಸನ್‌ಗೆ ಪ್ರೇರಣೆ ಸ್ಪೇನಿನ ಚಿತ್ರಕಾರ ಸುರ್ಬರಾನ್ 1633ರಲ್ಲಿ ಬರೆದ ಚಿತ್ರ: ನಿಂಬೆ, ಕಿತ್ತಳೆ, ನೀರಿನ ಬಟ್ಟಲು, ಗುಲಾಬಿ, ಹಿಂದೆಲ್ಲ ಗಾಢ ಕಪ್ಪು. ಈ ಹಾಡಿನಲ್ಲಿ ಆ ಕಪ್ಪಿನ ಕೆಲಸ ಮಾಡೋದು ಮೌನ. ಅದರ ಮೇಲೇ ಕೀಬೋರ್ಡ್ ಬಳಿದಿದ್ದಾರೆ.

ಕೃತಿ ಇರೋದು ಡಿ ಮೇಜರಿನಲ್ಲಿ, ಅಂದರೆ ಡಿ ಸ್ವರವನ್ನು ಷಡ್ಜ ಮಾಡಿಕೊಂಡ ನಮ್ಮ ಶಂಕರಾಭರಣದ ಸ್ವರಗಳು. ಇಡೀ ಕೃತಿಯಲ್ಲಿ ಹೊರಗಿನ ಸ್ವರ ಒಂದೇ ಒಂದು: ‘ವಿರ್ಗೊ’, ಕನ್ಯೆ, ಅನ್ನುವಲ್ಲಿ ಆಲ್ಟೊಗಳ, ಅಂದರೆ ಹೆಣ್ಣುದನಿಗಳಲ್ಲಿ ಕೆಳಗಿನವರ, ಜಿ ಶಾರ್ಪ್. ಶಂಕರಾಭರಣದ ನಡುವೆ ಪ್ರತಿಮಧ್ಯಮ ತಾಗಿದ ಹಾಗೆ. ಯೇಸುವಿನ ತಾಯಿ ಮರಿಯಮ್ಮನ ಮೇಲೆ ತಟ್ಟನೆ ಬೆಳಕು ಬಿದ್ದಂತೆ ಕೇಳಬೇಕು. ವಿಡಿಯೊದಲ್ಲಿ ಅದು ಸ್ಟ್ರಿಂಗ್ಸ್ ಕೆಳಗೆ ಹೂತುಹೋಗಿದೆ. ಆಲ್ಟೊಗಳೂ ತಪ್ಪು ಹಾಡಿದೆವೇನೋ ಎಂದು ಹೆದರಿ ಅಲ್ಲೇ ದನಿ ತಗ್ಗಿಸಿದ್ದಾರೆ. ತಗ್ಗಿಸಬೇಡಿ! ಅದಕ್ಕೆ ಒರಗಿ ನಿಲ್ಲಿ, ಆಮೇಲೆ ಪಕ್ಕದ ಸ್ವರಕ್ಕೆ ಸರಿಯಿರಿ.

‘ಕೀಬೋರ್ಡ್ ಇಲ್ಲದಿದ್ದರೆ ಶ್ರುತಿ ಇಳಿಯುತ್ತೆ’ ಅಂತೀರಿ. ಇಳಿಯೋದು ನಿಜ. ಆದರೆ ಯಾಕೆ? ಮೆಲ್ಲಗೆ ಹಾಡುವಾಗ ಉಸಿರಿನ ಒತ್ತು ಬಿಡ್ತೀರಿ, ಇಳಿಯುವ ಹೆಜ್ಜೆ ದೊಡ್ಡದಿಡ್ತೀರಿ, ಏರುವುದು ಚಿಕ್ಕದು. ಕೀಬೋರ್ಡ್ ಇದನ್ನು ಮುಚ್ಚುತ್ತೆ ಅಷ್ಟೇ, ತಿದ್ದಲ್ಲ. ಮೇಲಾಗಿ ಹಾಡು ಶುರುವಾಗುವ ಕಾರ್ಡಿನಲ್ಲಿ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಎಲ್ಲಕ್ಕಿಂತ ಕೆಳಗಿನ ಬೇಸ್ ದನಿ ನಿಲ್ಲೋದು ಎಫ್ ಶಾರ್ಪ್ ಮೇಲೆ, ಅಂದರೆ ಅಂತರ ಗಾಂಧಾರ. ಕೀಬೋರ್ಡಿನ ಗಾಂಧಾರ ಶುದ್ಧ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಅಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಮೇಲಿರುತ್ತೆ. ತಂಬೂರಿಯಲ್ಲಿ ಪಳಗಿದ ಕಿವಿಗೆ ತಕ್ಷಣ ಗೊತ್ತಾಗುತ್ತೆ. ಬೇಸ್ ಅದನ್ನೇ ಹಿಡಿದರೆ ಮೇಲಿನ ದನಿಗಳು ಕೂಡೋದು ಯಾವುದಕ್ಕೆ?

ಕ್ವಯರಿನಲ್ಲಿ ಜನ ಕಡಿಮೆ ಅನ್ನೋದು ಮಾತ್ರ ನಾನು ಒಪ್ಪುವ ಕಷ್ಟ. ದನಿಗಳು ಒಡೆದು ಎಂಟಾಗುವ ಕಡೆ ಪ್ರತಿ ದನಿಗೂ ಇಬ್ಬರಾದರೂ ಬೇಕು, ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಹಿಡಿದಿರಬೇಕು. ಹದಿನಾರು ಜನ ಆಯ್ತು. ಅಷ್ಟು ಜನ ಇಲ್ಲದಿದ್ದರೆ ಬೇರೆ ಹಾಡು ಆರಿಸಿ, ದಯವಿಟ್ಟು.

ಇನ್ನೊಂದು. ‘ಮ್ಯಾಗ್ನಮ್’ ಅಲ್ಲ, ಚರ್ಚಿನ ಲ್ಯಾಟಿನ್ನಿನಲ್ಲಿ ‘ಮಾನ್ಯುಂ’. ‘ಮಲಗಿದ’ ಅನ್ನುವ ಪದವೂ ‘ಜಾಸೆಂಟೆಮ್’ ಅಲ್ಲ, ‘ಯಾಚೆಂತೆಂ’. ‘ಮ್ಯಾ’ ಅಂದರೆ ಬಾಯಿ ಅಗಲವಾಗಿ ಸ್ವರವೂ ಹರಡುತ್ತೆ.

ಅಭ್ಯಾಸಕ್ಕೆ ಕೀಬೋರ್ಡ್ ಇರಲಿ. ಡಿ ಸ್ವರ ಒಂದು ಸಲ ಕೊಟ್ಟು ನಿಲ್ಲಿಸಿ. ಮಾತು ಬಿಟ್ಟು ‘ನೂ’ ಅಂತ ಮೊದಲ ಪುಟ ಹಾಡಿ, ಕೊನೆಗೆ ಡಿ ಒತ್ತಿ ನೋಡಿ. ಇಳಿದಿದ್ದರೆ ಒಂದೊಂದೇ ದನಿ ಬಿಡಿಸಿ ಹಾಡಿಸಿ, ಬೇಸ್‌ನಿಂದ ಶುರುಮಾಡಿ.