ಏನೂ ಆಗದ ದಿನದ ಕಥೆ ಯಾರೂ ಹೇಳುವುದಿಲ್ಲ

ನಮ್ಮ ದೊಡ್ಡ ಮಾವನ ಕಥೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಹೆಣ್ಣು ನೋಡಲು ತುಮಕೂರಿಗೆ ಹೊರಟಿದ್ದರಂತೆ. ಹೊಸಿಲು ದಾಟುವಾಗ ಯಾರೋ ಒಂಟಿ ಸೀನು ಸೀನಿದರು. "ಒಂದು ಗಳಿಗೆ ಕೂತು, ನೀರು ಕುಡಿದು ಹೋಗೋ" ಅಂದರೂ ಕೇಳಲಿಲ್ಲ. ನೆಲಮಂಗಲ ದಾಟುತ್ತಿದ್ದ ಹಾಗೇ ಬಸ್ಸು ಕೆಟ್ಟು ನಿಂತಿತು. ಇವರು ಹೋಗಿ ಮುಟ್ಟುವಷ್ಟರಲ್ಲಿ ರಾಹುಕಾಲ. ಸಂಬಂಧ ತಪ್ಪಿಹೋಯಿತು.

ಈಚೆಗೆ ಒಂದು ದಿನ ಅಮ್ಮ ಇದನ್ನೇ ಮತ್ತೆ ಹೇಳಿ ಮುಗಿಸಿದಾಗ ಒಂಬತ್ತು ವರ್ಷದ ನನ್ನ ಮಗಳು ಕೇಳಿದಳು: "ಅಜ್ಜಿ, ಸೀನು ಬಂದೂ ಬಸ್ಸು ಕೆಡದೇ ಇದ್ದ ದಿನದ ಕಥೆ ಹೇಳು."

ಅಮ್ಮ ಯೋಚಿಸಿದರು. ಒಂದೂ ನೆನಪಿಗೆ ಬರಲಿಲ್ಲ. ಬರುವುದಾದರೂ ಹೇಗೆ? ಏನೂ ಆಗದ ದಿನ ಕಥೆಯಾಗುವುದೇ ಇಲ್ಲ.

ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ನಾಲ್ಕು ಮನೆ ಗೀಚಿದೆ. ಸೀನು ಬಂತು, ಕೆಲಸ ಕೆಟ್ಟಿತು. ಸೀನು ಬಂತು, ಏನೂ ಆಗಲಿಲ್ಲ. ಸೀನು ಬರಲಿಲ್ಲ, ಆದರೂ ಕೆಟ್ಟಿತು. ಸೀನೂ ಇಲ್ಲ, ತೊಂದರೆಯೂ ಇಲ್ಲ. ಮಾವನ ಕಥೆಗೆ ಮೊದಲನೇ ಮನೆಯಲ್ಲಿ ಒಂದು ಗೆರೆ ಬಿತ್ತು. ಮಗಳು ಹಾಳೆಯನ್ನೇ ನೋಡುತ್ತಾ ಕೂತಳು. "ಅಮ್ಮಾ, ಇನ್ನು ಮೂರು ಮನೆ ಖಾಲಿ ಇದೆಯಲ್ಲ!"

ನಾನು ಗಂಟೆಗಟ್ಟಲೆ ಕೊರೆದಿದ್ದರೂ ಅವಳಿಗೆ ಇಷ್ಟು ತಿಳಿಯುತ್ತಿರಲಿಲ್ಲ.

ಹಾಳೆ ಈಗ ಫ್ರಿಜ್ಜಿನ ಬಾಗಿಲ ಮೇಲಿದೆ. ಮೂರು ವಾರದಲ್ಲಿ ಹೊರಡುವ ಹೊತ್ತಿಗೆ ಒಂಟಿ ಸೀನು ಬಂದದ್ದು ನಾಲ್ಕು ಸಲ. ಅದರಲ್ಲಿ ಕೆಲಸ ಕೆಟ್ಟದ್ದು ಒಮ್ಮೆ. ಸೀನೇ ಇಲ್ಲದೆ ಕೆಟ್ಟದ್ದು ಆರು ಸಲ: ಸ್ಕೂಲ್ ವ್ಯಾನ್ ತಪ್ಪಿತು, ನೀರಿನ ಟ್ಯಾಂಕರ್ ಬರಲಿಲ್ಲ, ಹೀಗೆ. ನಾಲ್ಕನೇ ಮನೆಯಲ್ಲಿ ಐದೈದು ಗೆರೆಯ ಕಟ್ಟುಗಳು ತುಂಬಿ ತುಳುಕುತ್ತಿವೆ.

ಈಗ ನಮ್ಮ ಬೆಂಗಳೂರಿನಲ್ಲಿ ಮಕ್ಕಳಿಗೆ ಕ್ರಿಟಿಕಲ್ ಥಿಂಕಿಂಗ್, ಅಂದರೆ ಕೇಳಿದ್ದನ್ನು ಒರೆಗೆ ಹಚ್ಚಿ ನೋಡುವುದನ್ನು, ಕಲಿಸುತ್ತೇವೆ ಅಂತ ವರ್ಕ್‌ಬುಕ್ಕು, ವೀಕೆಂಡ್ ಕ್ಲಾಸು ಎಲ್ಲಾ ಬಂದಿವೆ. ಒಗಟು ಬಿಡಿಸುವುದು ಒಳ್ಳೆಯದೇ. ಆದರೆ ಒಗಟಿನಲ್ಲಿ ಬೇಕಾದ ಮಾಹಿತಿಯನ್ನೆಲ್ಲ ಮೊದಲೇ ಕೊಟ್ಟಿರುತ್ತಾರೆ. ಬದುಕಿನಲ್ಲಿ ಯಾರೂ ಹಾಗೆ ಕೊಡುವುದಿಲ್ಲ. ಹೇಳದೇ ಬಿಟ್ಟದ್ದು ಏನು ಅಂತ ಹುಡುಕುವುದೇ ಇಲ್ಲಿ ದೊಡ್ಡ ಕೆಲಸ, ಅದಕ್ಕೆ ಮನೆಯ ಕಥೆಗಳಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ.

ಇದು ಬರೀ ಸೀನಿನ ವಿಷಯವಲ್ಲ. 2018ರ ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಯಲ್ಲೇ, ಮಕ್ಕಳ ಕಳ್ಳನೆಂಬ ಗುಮಾನಿಯ ಮೇಲೆ ರಾಜಸ್ಥಾನದ ಒಬ್ಬ ಯುವಕನನ್ನು ಜನ ಹೊಡೆದು ಸಾಯಿಸಿದರು. ಆ ದಿನಗಳಲ್ಲಿ ವಾಟ್ಸಾಪ್‌ನಲ್ಲಿ ಓಡಾಡುತ್ತಿದ್ದ ಒಂದು ವಿಡಿಯೊ ನಿಮಗೂ ನೆನಪಿರಬಹುದು: ಬೈಕಿನಲ್ಲಿ ಬಂದವರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತೆಗೆದ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಕತ್ತರಿಸಿ ಹಂಚಿದ್ದರು. "ಇದರ ಮುಂದಿನ ಭಾಗ ಎಲ್ಲಿ?" ಅಂತ ನಾನೂ ಅವತ್ತು ಕೇಳಲಿಲ್ಲ. ನೋಡಿ, ಹೆದರಿ, ಸುಮ್ಮನಾದೆ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಪ್ರಶ್ನೆ ಕೇಳಿದರೆ ಭಕ್ತಿ ಹಾಳಾಗುತ್ತದೆ ಅಂತ ಹೆದರುವವರಿಗೆ ಒಂದು ಮಾತು. ಗವೀಪುರದ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ನಾವು ವರ್ಷಾವರ್ಷ ಕೈಮುಗಿಯುತ್ತೇವೆ. "ಅವತ್ತೊಂದೇ ದಿನಾನಾ?" ಅಂತ ಮಗಳು ಕೇಳಿದಳು. ಗ್ಲೋಬು ಮತ್ತು ಟಾರ್ಚು ಹಿಡಿದು ಕೂತೆವು. ಡಿಸೆಂಬರ್ 21ರ ಆಸುಪಾಸು ಸೂರ್ಯ ದಕ್ಷಿಣದ ತುದಿ ಮುಟ್ಟಿ ಹಿಂದಿರುಗುತ್ತಾನೆ. ಹಾಗಾದರೆ ಆ ತುದಿಯಿಂದ ಸಂಕ್ರಾಂತಿಗೆ ಎಷ್ಟು ದಿನವೋ ಅಷ್ಟೇ ದಿನ ಹಿಂದೆ, ಅಂದರೆ ನವೆಂಬರ್ ಕೊನೆಗೂ, ಅವನು ಅದೇ ಜಾಗದಲ್ಲಿ ಮುಳುಗಬೇಕು, ಬೆಳಕೂ ಹಾಗೇ ಒಳಗೆ ಬರಬೇಕು. ನೆಹರು ತಾರಾಲಯದಲ್ಲಿದ್ದ ಖಗೋಳ ವಿಜ್ಞಾನಿ ಬಿ.ಎಸ್. ಶೈಲಜಾ ಅವರು ಜೊತೆಯವರೊಂದಿಗೆ ಈ ಗುಡಿಯ ಬೆಳಕನ್ನು ಅಧ್ಯಯನ ಮಾಡಿದ್ದಾರೆ. ಈ ಲೆಕ್ಕ ಗೊತ್ತಾದ ಮೇಲೆ, ಕಲ್ಲು ಕಡಿದವರ ಮೇಲೆ ಮಗಳಿಗೆ ಗೌರವ ಹೆಚ್ಚಾಯಿತೇ ಹೊರತು ಕೈಮುಗಿಯುವುದನ್ನು ಬಿಡಲಿಲ್ಲ.

ಒಂದು ಎಚ್ಚರಿಕೆ: ಕಥೆ ಅರ್ಧದಲ್ಲಿರುವಾಗ ತಡೆದು ಪಾಠ ಮಾಡಬೇಡಿ. ಪೂರ್ತಿ ಹೇಳಿ, ಮಕ್ಕಳು ನಗಲಿ, ಅಳಲಿ. ಪ್ರಶ್ನೆ ಆಮೇಲೆ. ಹಿರಿಯರನ್ನು ಸೋಲಿಸುವ ಆಟವಂತೂ ಆಗಲೇಬಾರದು.

ಮೊನ್ನೆ ರಾತ್ರಿ ಅಮ್ಮ ಫ್ರಿಜ್ಜಿನ ಮುಂದೆ ನಿಂತು ಗೆರೆಗಳನ್ನೆಲ್ಲ ಎಣಿಸಿದರು. "ಅಲ್ಲ ಕಣೇ ಪುಟ್ಟಿ, ಸೀನು ಬಂದಾಗೆಲ್ಲ ನಾನು ನಿಮ್ಮನ್ನ ಕೂರಿಸಿ ನೀರು ಕುಡಿಸಿಯೇ ಕಳಿಸಿದೀನಿ. ಅದಕ್ಕೇ ಏನೂ ಆಗಲಿಲ್ಲ ಅಂದ್ರೆ ಏನ್ ಹೇಳ್ತೀಯ?"

ಮಗಳಿಗೆ ಉತ್ತರ ಹೊಳೆಯಲಿಲ್ಲ, ನನಗೂ ತಕ್ಷಣ ಹೊಳೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಪೆನ್ಸಿಲ್ ತಂದು, ಸೀನಿನ ಎರಡು ಮನೆಗಳನ್ನೂ ಅಡ್ಡಗೆರೆ ಎಳೆದು ಸೀಳಿದಳು. ಮೇಲೆ ಬರೆದಳು: ನೀರು ಕುಡಿದು ಹೋಗಿದ್ದು. ಕೆಳಗೆ: ಕುಡಿಯದೇ ಹೋಗಿದ್ದು.