ಗೋಲಿ ಉರುಳಿದ ಮಾತ್ರಕ್ಕೆ ತಳಪಾಯ ಕುಸಿದಿಲ್ಲ: ಒಂದು ಸ್ಪಷ್ಟನೆ

ನೆಲದ ಮೇಲಿಟ್ಟ ಗೋಲಿ ಮೂಲೆಗೆ ಉರುಳಿದರೆ ಮನೆಯ ತಳಪಾಯ ಕುಸಿದಿದೆಯೆಂದೇ ಅರ್ಥ ಎಂಬ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ; ಇದು ಸರಿಯಲ್ಲ. ನಮ್ಮ ಬಹುತೇಕ ಮನೆಗಳಲ್ಲಿ ಕೆಳ ಅಂತಸ್ತಿನ ನೆಲಹಾಸು ಕೂತಿರುವುದು ಗೋಡೆಗಳ ನಡುವೆ ತುಂಬಿದ ಮಣ್ಣಿನ ಮೇಲೆಯೇ ಹೊರತು ತಳಪಾಯದ ಮೇಲಲ್ಲ. ಆ ಮಣ್ಣಿಗೆ ನೀರುಣಿಸಿ ಸರಿಯಾಗಿ ದಮ್ಮಸು ಮಾಡದಿದ್ದರೆ, ತಳಪಾಯ ಕದಲದಿದ್ದರೂ ನೆಲ ತಗ್ಗುತ್ತದೆ. ಗಾರೆ ಕೆಲಸದವರು ಬೇಕೆಂದೇ ಕೊಟ್ಟ ಇಳಿಜಾರೂ (ಬಚ್ಚಲಿನಲ್ಲಂತೂ ಅದು ಇರಲೇಬೇಕು) ಗೋಲಿಯನ್ನು ಉರುಳಿಸುತ್ತದೆ.

ಹಾಗೆಂದು ಮಟ್ಟ ಅಳೆಯುವುದು ವ್ಯರ್ಥವಲ್ಲ. ನೀರು ತುಂಬಿದ ಲೆವೆಲ್ ಪೈಪಿನಿಂದಲೋ ಆಟೋ ಲೆವೆಲ್‌ನಿಂದಲೋ (ಮುಕ್ಕಾಲಿಯ ಮೇಲಿಟ್ಟು ದುರ್ಬೀನಿನ ಮೂಲಕ ಮಟ್ಟ ನೋಡುವ ಉಪಕರಣ) ಕೋಣೆಕೋಣೆಯ ಹಲವು ಬಿಂದುಗಳನ್ನು ಅಳೆದು, ನೆಲಹಾಸಿನ ದಪ್ಪದ ವ್ಯತ್ಯಾಸ ಕಳೆದು ದಾಖಲಿಸಬಹುದು. ಆದರೆ ಒಮ್ಮೆ ಅಳೆದದ್ದು ಇಂದಿನ ಆಕಾರವನ್ನಷ್ಟೇ ಹೇಳುತ್ತದೆ. ಅದು ಕಟ್ಟುವಾಗಲೇ ಉಳಿದ ಏರುಪೇರೋ ಆಮೇಲಿನ ಕುಸಿತವೋ ಎಂಬುದು, ಕಂಬ ಮತ್ತು ಗೋಡೆಗಳ ಮೇಲಿನ ಗುರುತುಗಳನ್ನು ಕಟ್ಟಡದಿಂದ ದೂರವಿರುವ ಸ್ಥಿರ ಗುರುತಿಗೆ ಹೋಲಿಸಿ ತಿಂಗಳುಗಟ್ಟಲೆ ಮತ್ತೆ ಮತ್ತೆ ಅಳೆದಾಗಲೇ ತಿಳಿಯುತ್ತದೆ. ಎರೆಮಣ್ಣು ನೀರುಂಡು ಉಬ್ಬಿ, ಒಣಗಿದಾಗ ಕುಗ್ಗುವುದರಿಂದ, ವಿಜಯಪುರದಂಥ ಕಡೆ ಮಳೆಗಾಲ, ಬೇಸಿಗೆ ಎರಡರಲ್ಲೂ ಅಳೆಯಬೇಕು.

ಎಷ್ಟು ವ್ಯತ್ಯಾಸವಾದರೆ ಚಿಂತಿಸಬೇಕು? ಕಟ್ಟಡಗಳ ಕುಸಿತವನ್ನು ಅಧ್ಯಯನ ಮಾಡಿದ ಎಂಜಿನಿಯರ್‌ಗಳಾದ ಸ್ಕೆಂಪ್ಟನ್ ಮತ್ತು ಮೆಕ್‌ಡೊನಾಲ್ಡ್ 1956ರಲ್ಲಿ ಸೂಚಿಸಿದ ಮಿತಿಯ ಪ್ರಕಾರ, 3 ಮೀಟರ್ ಅಂತರದ ಎರಡು ಕಂಬಗಳಲ್ಲಿ ಒಂದು ಇನ್ನೊಂದಕ್ಕಿಂತ ಸುಮಾರು 10 ಮಿ.ಮೀ. ಹೆಚ್ಚು ಕುಸಿದರೆ ನಡುವಿನ ಗೋಡೆ ಬಿರುಕು ಬಿಡುವ ಸಂಭವವಿದೆ.